ಬಾಗಿಲಿಲ್ಲದ ಕಾರಿನಲ್ಲಿ ನನ್ನ ತಮ್ಮ

ಬಟವಾಡಿ

ಅಮೆರಿಕದಿಂದ ಬಂದ ಮೇಲೆ ತುಮಕೂರಿನ ನಮ್ಮ ಬಟವಾಡಿಯಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ ಮಾತು: "ಟೀಚರೇ, ಆ ದೊಡ್ಡ ಜಲಪಾತ ನೋಡಿದ್ರಾ? ಮೋಡ ಮುಟ್ಟೋ ಕಟ್ಟಡ ಹತ್ತಿದ್ರಾ?" ಎರಡೂ ಇಲ್ಲ ಸ್ವಾಮಿ. ನಾನು ನೋಡಿದ್ದು ಒಂದು ದುಂಡನೆಯ ರಸ್ತೆ. ಅದರ ಮೇಲೆ ಒಂದಷ್ಟು ಕಾರುಗಳು ಜೀವ ಹೋಗುವ ಹಾಗೆ ಓಡಿ, ಹೊರಟ ಜಾಗಕ್ಕೇ ಮತ್ತೆ ಮತ್ತೆ ಬರುತ್ತಿದ್ದವು. ಇದನ್ನು ನೋಡುವುದಕ್ಕೆ ಅಷ್ಟು ದೂರ ಹೋಗಿದ್ದಿರಾ ಅಂತ ನಗುತ್ತಾರೆ. ನಗಲಿ. ಅಲ್ಲಿ ನೋಡಿದ್ದರಲ್ಲಿ ಅರ್ಧ ನನಗೇ ಇನ್ನೂ ಅರ್ಥವಾಗಿಲ್ಲ.

ಹೋಗಿದ್ದಕ್ಕೆ ಕಾರಣ ನನ್ನ ತಮ್ಮ ನಾಗರಾಜ. ತುಮಕೂರಿನಲ್ಲೇ ಇಂಜಿನಿಯರಿಂಗ್ ಓದಿ, ಅಮೆರಿಕದ ಒಂದು ಬಟ್ಟೆ ಮಿಲ್ಲಿಗೆ ಕೆಲಸಕ್ಕೆ ಹೋದವನು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ದಿನ ಅವನಿಂದ ಒಂದು ಫೋಟೊ ಬಂತು. ತಲೆಗೆ ಹೆಲ್ಮೆಟ್ಟು, ಮೈಗೆ ಪೈಲ್ವಾನನ ಹಾಗೆ ಬಿಗಿದ ಬಟ್ಟೆ, ಕಾರಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಹಲ್ಲು ಕಿರಿಯುತ್ತಿದ್ದಾನೆ. ಕಾರಿನ ಒಂದು ಮಗ್ಗುಲು ನಜ್ಜುಗುಜ್ಜು. ಶನಿವಾರ ಶನಿವಾರ ರೇಸಿನಲ್ಲಿ ಓಡಿಸುತ್ತೇನೆ, ಮೊನ್ನೆ ಗೋಡೆಗೆ ಹೊಡೆದೆ, ಏನೂ ಆಗಲಿಲ್ಲ, ಗಾಬರಿಯಾಗಬೇಡಿ ಅಂತ ಬೇರೆ ಬರೆದಿದ್ದ, ಪುಣ್ಯಾತ್ಮ.

ಅಮ್ಮ ಊಟ ಬಿಟ್ಟಳು. ಬಿಡದೆ ಏನು ಮಾಡುತ್ತಾಳೆ? ನಮ್ಮಪ್ಪ ಕುಣಿಗಲ್ಲಿಂದ ಹುಲಿಯೂರುದುರ್ಗಕ್ಕೆ ಖಾಸಗಿ ಬಸ್ಸು ಓಡಿಸುತ್ತಿದ್ದವರು. ಎತ್ತಿನ ಗಾಡಿ ತಪ್ಪಿಸಲು ಹೋಗಿ ಹುಣಸೆ ಮರಕ್ಕೆ ಹೊಡೆದು ತೀರಿಕೊಂಡರು. ಆಗ ನಾಗರಾಜನಿಗೆ ತನ್ನ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ.

"ಸ್ಟೇರಿಂಗ್ ಮುಂದೆ ಕೂತು ಒಬ್ಬರು ಹೋಗಿದ್ದು ಸಾಕು ಕಣೇ ಸುಶೀಲ," ಅಂದಳು ಅಮ್ಮ. "ನೀನೇ ಹೋಗು. ಇನ್ಮೇಲೆ ಓಡಿಸಲ್ಲ ಅಂತ ಅವನ ಬಾಯಲ್ಲೇ ಹೇಳಿಸ್ಕೊಂಡು ಬಾ. ಹೇಳಿಸ್ದೆ ಮಾತ್ರ ಬರಬೇಡ."

ನಾನು ಹೆಣ್ಣುಮಕ್ಕಳ ಸ್ಕೂಲಿನ ಹೆಡ್‌ಮಿಸ್ಟ್ರೆಸ್. ಬಾಯಲ್ಲಿ ಹೇಳಿಸುವುದು ನನ್ನ ಕಸುಬು. ಬೇಸಿಗೆ ರಜ ಬಂದ ತಕ್ಷಣ, ತಮ್ಮ ಕಳಿಸಿದ ಟಿಕೆಟ್ಟಿನಲ್ಲಿ, ಕೋಡುಬಳೆ ಡಬ್ಬ ಕಟ್ಟಿಕೊಂಡು ಹೊರಟೆ.

ಹ್ಯಾಂಕನ ಗ್ಯಾರೇಜು

ನಾಗರಾಜ ಇದ್ದದ್ದು ಅಮೆರಿಕದ ದಕ್ಷಿಣದ ಒಂದು ಸಣ್ಣ ಊರಿನಲ್ಲಿ. ಮಣ್ಣು ಕೆಂಪು, ನಮ್ಮ ಬೆಳ್ಳಾವಿ ಕಡೆಯ ಹೊಲದ ಹಾಗೇ. ಮಣ್ಣು ನೋಡಿ ಸ್ವಲ್ಪ ಧೈರ್ಯ ಬಂದಿತ್ತು. ಆ ಧೈರ್ಯ ಊಟದ ಹೊತ್ತಿಗೆ ಹೋಯಿತು.

ಅವನು ಬಾಡಿಗೆಗಿದ್ದ ಮನೆಯ ಯಜಮಾನ ಹ್ಯಾಂಕ್ ಎಂಬ ಮುದುಕ. ರೇಸಿನ ಕಾರೂ ಅವನದೇ. ಅವನ ಹೆಂಡತಿ ಲೂಸಿ ನನಗಾಗಿಯೇ ಹುರುಳಿಕಾಯಿ ಪಲ್ಯ ಮಾಡಿದ್ದಳು. ನಾನು ಲಿಂಗ ಕಟ್ಟಿದವಳು, ಮಾಂಸ ಮುಟ್ಟುವುದಿಲ್ಲ ಅಂತ ನಾಗರಾಜ ಹೇಳಿದ್ದನಂತೆ. ತುತ್ತು ಬಾಯಿಗೆ ಹೋಗುವ ಮೊದಲು, ಪಲ್ಯದಲ್ಲಿ ಕೆಂಪಗೆ ಇರುವುದೇನು ಅಂತ ಕೇಳಿದೆ. ಹಂದಿ! ಬರೀ ರುಚಿಗೆ ಸ್ವಲ್ಪ ಹಾಕಿದ್ದೇನೆ, ಪಲ್ಯ ತರಕಾರಿಯದೇ ಅಂದಳು ಲೂಸಿ, ಮುಗ್ಧವಾಗಿ. ಸಿಟ್ಟು ಮಾಡಿಕೊಳ್ಳಬೇಕೋ ನಗಬೇಕೋ ತಿಳಿಯಲಿಲ್ಲ. ಮಾತಿಗೊಮ್ಮೆ 'ಮ್ಯಾಮ್, ಮ್ಯಾಮ್' ಅನ್ನುವ ಜನ. ಅಷ್ಟು ಮರ್ಯಾದೆ ಕೊಡುವವರ ಮೇಲೆ ಸಿಟ್ಟು ಬರುವುದಾದರೂ ಹೇಗೆ? ಬ್ರೆಡ್ಡು ಮೊಸರು ತಿಂದೆ.

ಮಾರನೆಯ ದಿನ ಗ್ಯಾರೇಜಿನಲ್ಲಿ ಕಾರು ತೋರಿಸಿದರು. ನಾನು ನೋಡಿದ್ದು ಕಾರು ಹೌದೋ ಅಲ್ಲವೋ ಅಂತ ನನಗೆ ಇವತ್ತಿಗೂ ಅನುಮಾನ. ಹೊರಗಿನಿಂದ ಕಾರೇ. ಬಾಗಿಲು ಮಾತ್ರ ತೆರೆಯುವುದಿಲ್ಲ, ಬೆಸುಗೆ ಹಾಕಿ ಮುಚ್ಚಿಬಿಟ್ಟಿದ್ದಾರೆ. ಕಿಟಕಿಗೆ ಗಾಜಿಲ್ಲ. ಮುಂದಿನ ದೀಪ ಇರಬೇಕಾದ ಕಡೆ ದೀಪದ ಚಿತ್ರ ಬರೆದಿದ್ದಾರೆ. ಒಳಗೆ ಒಂದೇ ಸೀಟು, ಅದರ ಸುತ್ತ ಕಬ್ಬಿಣದ ಪೈಪುಗಳ ಪಂಜರ.

"ಹಾರನ್ ಎಲ್ಲೋ?" ಅಂತ ಕೇಳಿದೆ.

"ಹಾರನ್ ಇಲ್ಲಕ್ಕ."

"ಹಾರನ್ ಇಲ್ದೆ ಹೆಂಗೋ ಓಡಿಸ್ತೀಯ? ಗುಬ್ಬಿ ಗೇಟ್ ದಾಟಿಸೋ ನೋಡೋಣ ಹಾರನ್ ಇಲ್ದೆ!"

ಅವನು ನಕ್ಕು ಕಿಟಕಿಯಿಂದ ಕಾಲು ತೂರಿಸಿ ಒಳಗೆ ಇಳಿದ. ಎರಡು ಹೆಗಲ ಮೇಲೆ ಎರಡು ಪಟ್ಟಿ, ಸೊಂಟಕ್ಕೆ ಎರಡು, ತೊಡೆಯ ಸಂದಿಯಿಂದ ಒಂದು. ಎಲ್ಲವನ್ನೂ ಹೊಟ್ಟೆಯ ಮೇಲೆ ಒಂದೇ ಬಿಲ್ಲೆಗೆ ಸಿಕ್ಕಿಸಿ ಬಿಗಿದುಕೊಂಡ. ಪೆಟ್ರೋಲು ಕೂಡ ತಗಡಿನ ಟ್ಯಾಂಕಿನಲ್ಲಿ ಇರುವುದಿಲ್ಲವಂತೆ, ರಬ್ಬರಿನ ಚೀಲದಲ್ಲಿ ಇರುತ್ತದಂತೆ, ಕಾರು ಮಗುಚಿದರೂ ಚೆಲ್ಲದ ಹಾಗೆ. ಕೊನೆಗೆ ಕಿಟಕಿಗೆ ಒಂದು ಬಲೆ ಎಳೆದುಕೊಂಡ. ನಮ್ಮಲ್ಲಿ ವಾಲಿಬಾಲಿಗೆ ಕಟ್ಟುತ್ತಾರಲ್ಲ, ಅಂಥದ್ದೇ ತುಂಡು.

"ಇದ್ಯಾತಕ್ಕೋ? ಸೊಳ್ಳೆಗಾ?"

"ಹೊಡೆತ ಬಿದ್ದಾಗ ಕೈ ಆಚೆ ಹೋಗಿ ಜಜ್ಜಿ ಹೋಗಬಾರದು ಅಂತಕ್ಕ. ಇನ್ನೊಂದು ಉಪಯೋಗನೂ ಇದೆ. ಕಾರು ಎಲ್ಲೋ ಹೊಡೆದು ನಿಂತಿತು ಅನ್ಕೋ. ನಾನು ಈ ಬಲೆ ಬಿಚ್ಚಿ ಕೆಳಕ್ಕೆ ಬಿಟ್ರೆ, ಚೆನ್ನಾಗಿದೀನಿ ಅಂತ ಅರ್ಥ. ಎಲ್ಲರೂ ಮೊದಲು ಅದನ್ನೇ ನೋಡೋದು."

"ಬಿಚ್ಚದೇ ಇದ್ರೆ?"

"ಬಿಚ್ತೀನಿ ಕಣಕ್ಕ," ಅಂದ.

ನನಗೆ ತಲೆ ಕೆಟ್ಟುಹೋಯಿತು. ಹೊಡೆಯದ ಹಾಗೆ ಓಡಿಸುವುದನ್ನು ಕಲಿಯುವುದು ಬಿಟ್ಟು, ಹೊಡೆದ ಮೇಲೆ ಬದುಕುವುದನ್ನು ಇಷ್ಟು ಶ್ರದ್ಧೆಯಿಂದ ಕಲಿತಿದ್ದಾರಲ್ಲ, ಇವರಿಗೆ ಬುದ್ಧಿ ಇದೆಯೋ ಇಲ್ಲವೋ? ಕೇಳಿಯೇಬಿಟ್ಟೆ.

"ರಸ್ತೇಲಿ ಹೋಗೋರೆಲ್ಲ ಹೊಡೆಯಲ್ಲ ಅನ್ಕೊಂಡೇ ಹೋಗ್ತಾರೆ," ಅಂದ ನಾಗರಾಜ. "ಇಲ್ಲಿ ಹೊಡೆದೇ ಹೊಡೀತೀವಿ ಅನ್ಕೊಂಡು ಕಟ್ಟಿದಾರೆ. ಅಪ್ಪನ ಬಸ್ಸಲ್ಲಿ ಏನಿತ್ತು ಹೇಳು?"

"ದೇವರ ಫೋಟೊ ಇತ್ತು," ಅಂದೆ.

ಅವನು ಪಟ್ಟಿ ಬಿಚ್ಚಿಕೊಂಡು ಕಿಟಕಿಯಿಂದ ಈಚೆ ಬಂದ. ಆಮೇಲೆ ಬಂದ ವಿಷಯ ಹೇಳಿದೆ. ಅಮ್ಮ ಊಟ ಬಿಟ್ಟಿದ್ದು, ಬಾಯಲ್ಲಿ ಹೇಳಿಸಿಕೊಂಡು ಬಾ ಅಂದಿದ್ದು, ಎಲ್ಲ.

"ಒಂದು ಶನಿವಾರ ನೋಡಕ್ಕ. ನೋಡಿದ ಮೇಲೂ ನೀನು ಬಿಡು ಅಂದ್ರೆ ಬಿಡ್ತೀನಿ. ದೇವರಾಣೆ."

ಶನಿವಾರದ ಮೈದಾನ

ಮಧ್ಯಾಹ್ನಕ್ಕೇ ಮೈದಾನ ಸೇರಿದೆವು. ದುಂಡು ರಸ್ತೆ, ಸುತ್ತ ಸಿಮೆಂಟಿನ ಗೋಡೆ, ಗೋಡೆಯ ಮೇಲೆ ತಂತಿ ಬೇಲಿ, ಅದರಾಚೆ ಮೆಟ್ಟಿಲು ಮೆಟ್ಟಿಲಾಗಿ ಹಲಗೆ. ಜನ ಬಂದವರೇ ಹಲಗೆಯ ಮೇಲೆ ಒಂದೊಂದು ಕಂಬಳಿ ಹಾಸಿ, ಜಾಗ ತಮ್ಮದು ಅಂತ ಬಿಟ್ಟು ತಿನ್ನಲು ಹೋಗುತ್ತಿದ್ದರು. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ನಮಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ. ವ್ಯತ್ಯಾಸ ಇಷ್ಟೇ, ಇಲ್ಲಿ ಕಂಬಳಿಯನ್ನು ಯಾರೂ ಎತ್ತಿ ಬಿಸಾಕಲಿಲ್ಲ, ಜಗಳವೂ ಆಗಲಿಲ್ಲ.

ಓಟಕ್ಕೆ ಮೊದಲು ಒಬ್ಬ ತಪಾಸಣೆಯವನು ಕಾರುಗಳನ್ನೆಲ್ಲ ನೋಡುತ್ತಾನೆ. ನಮ್ಮ ಕಾರಿನ ಸರದಿ ಬರುವ ಮುಂಚೆಯೇ ನಾನು ಅದಕ್ಕೆ ವಿಭೂತಿ ಹಚ್ಚಿ, ಅಲ್ಲಿನ ಅಂಗಡಿಯಲ್ಲಿ ಸಿಕ್ಕ ನಿಂಬೆಹಣ್ಣಿಗೆ ಮೆಣಸಿನಕಾಯಿ ಪೋಣಿಸಿ ಸ್ಟೇರಿಂಗಿನ ಕೆಳಗೆ ಕಟ್ಟಿದ್ದೆ. ತಪಾಸಣೆಯವನು ಅದನ್ನು ಬಿಚ್ಚಿ ನನ್ನ ಕೈಗೇ ಕೊಟ್ಟ. ಕಾರಿನೊಳಗೆ ಸಡಿಲವಾದ ವಸ್ತು ಒಂದೂ ಇರಕೂಡದಂತೆ. ನಿಂಬೆಹಣ್ಣು ಉರುಳಿ ಬ್ರೇಕಿನ ಕೆಳಗೆ ಸಿಕ್ಕಿಕೊಂಡರೆ ಹುಡುಗನ ಪ್ರಾಣ ಹೋಗುತ್ತದಂತೆ. ಪ್ರಾಣ ಉಳಿಯಲಿ ಅಂತ ಕಟ್ಟಿದ್ದರಿಂದಲೇ ಪ್ರಾಣ ಹೋಗುತ್ತದೆ ಅಂದರೆ ಏನು ಹೇಳೋಣ! ವಿಭೂತಿಯನ್ನು ಮಾತ್ರ ಅವನು ಒರೆಸಲಿಲ್ಲ. ಅದು ಉರುಳುವುದಿಲ್ಲವಲ್ಲ.

ಆಮೇಲೆ ಒಬ್ಬ ಪಾದ್ರಿ ಮೈಕಿನಲ್ಲಿ ಪ್ರಾರ್ಥನೆ ಹೇಳಿದ. ಎಲ್ಲರೂ ಟೋಪಿ ತೆಗೆದರು. ಲೂಸಿ ನನ್ನ ಕಿವಿಗೆ ಹತ್ತಿ ಕೊಟ್ಟಳು. ಇಂಜಿನುಗಳು ಶುರುವಾದವು ನೋಡಿ, ಹತ್ತಿ ಗಿತ್ತಿ ಎಲ್ಲ ಸುಳ್ಳು. ಎದೆಯ ಒಳಗೇ ಯಾರೋ ಡೋಲು ಬಡಿದ ಹಾಗಾಯಿತು. ಒಂದನ್ನೊಂದು ಒತ್ತಿಕೊಂಡು, ತಿಕ್ಕಿಕೊಂಡು ಓಡುವ ಕಾರುಗಳಲ್ಲಿ ತಮ್ಮನ ನೀಲಿ ಕಾರು ಯಾವುದು ಅಂತ ಹುಡುಕುವುದರಲ್ಲೇ ಅರ್ಧ ಓಟ ಮುಗಿಯಿತು. ಯಾರು ಮುಂದೆ, ಯಾರು ಹಿಂದೆ, ಒಂದೂ ತಿಳಿಯದು. ಜನ ಎದ್ದಾಗ ಎದ್ದೆ, ಕೂತಾಗ ಕೂತೆ.

ಒಂದು ಸಲ ಜನ ಎದ್ದರು. ನಾನೂ ಎದ್ದೆ. ನೀಲಿ ಕಾರು ಇನ್ನೊಂದು ಕಾರಿಗೆ ತಗುಲಿ, ಗೋಡೆಗೆ ಹೊಡೆದು, ಮೇಲಕ್ಕೆ ಎದ್ದು, ಮಗುಚಿ, ಮತ್ತೆ ಮಗುಚಿ, ಚಕ್ರ ಮೇಲೆ ಮಾಡಿಕೊಂಡು ನಿಂತಿತು. ಮಿಕ್ಕ ಕಾರುಗಳನ್ನೆಲ್ಲ ನಿಲ್ಲಿಸಿದರು. ಅಷ್ಟು ಹೊತ್ತು ಕಿವಿ ಒಡೆಯುವ ಹಾಗಿದ್ದ ಸದ್ದು ಪೂರ್ತಿ ನಿಂತುಹೋಯಿತು.

ಯಾರೂ ಓಡಲಿಲ್ಲ. ಇದನ್ನು ನಾನು ಸಾಯುವವರೆಗೂ ಮರೆಯಲಾರೆ. ಅಷ್ಟು ಸಾವಿರ ಜನ ಕಲ್ಲಿನ ಹಾಗೆ ನಿಂತು ಆ ಕಿಟಕಿಯನ್ನೇ ನೋಡುತ್ತಿದ್ದರು. ಲೂಸಿ ನನ್ನ ಕೈ ಹಿಡಿದು, "ನೆಟ್, ನೆಟ್" ಅಂತ ಪಿಸುಗುಟ್ಟುತ್ತಿದ್ದಳು. ಬಲೆ ಬೀಳಲಿಲ್ಲ.

ನಮ್ಮ ಕಡೆ ಹೀಗೆ ನಿಲ್ಲುತ್ತಾರಾ? ಕುಣಿಗಲ್ ರಸ್ತೆಯಲ್ಲಿ ಒಂದು ಸೈಕಲ್ ಬಿದ್ದರೂ ಹೊಲದಿಂದ ಜನ ಓಡಿ ಬರುತ್ತಾರೆ. ಅಪ್ಪನ ಬಸ್ಸು ಹೊಡೆದಾಗ ಓಡಿದವರು ಖಾದರ್ ಸಾಬರು, ಅದೇ ಬಸ್ಸಿನ ಕಂಡಕ್ಟರು. ಅವರ ಹಣೆಯೂ ಒಡೆದಿತ್ತು. ಆದರೂ ಅಪ್ಪನನ್ನು ಸೀಟಿನಿಂದ ಎಳೆದು, ಹೆಗಲ ಮೇಲೆ ಹಾಕಿಕೊಂಡು, ಸಿಕ್ಕ ಲಾರಿ ಹತ್ತಿಸಿ ಕುಣಿಗಲ್ ಆಸ್ಪತ್ರೆಗೆ ಒಯ್ದರು. "ಒಳಗಿದ್ದಾಗ ಮಾತಾಡಿದ್ರು ಕಣಮ್ಮ, ಕೈ ಆಡಿಸಿದ್ರು. ಪ್ಯಾಸೆಂಜರ್ ಎಲ್ಲಾ ಇಳಿದ್ರೇನೋ ಖಾದರ್ ಅಂದ್ರು. ಹೆಗಲ ಮೇಲೆ ಹಾಕ್ಕೊಂಡ ಮೇಲೆ ಮಾತಿಲ್ಲ. ಇನ್ನೊಂದು ಗಳಿಗೆ ಮುಂಚೆ ಎಳೆದಿದ್ರೆ ಉಳೀತಿದ್ರೇನೋ," ಅಂತ ಇವತ್ತಿಗೂ ಕಣ್ಣು ಒರೆಸಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಅವರಿಗೆ ಅಪ್ಪನ ನಂತರದ ಸ್ಥಾನ.

ಒಂದು ಗಳಿಗೆ! ಆ ಮಾತು ನೆನಪಾಗಿದ್ದೇ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಇಳಿದು ಓಡಿದೆ. ಆಂಬುಲೆನ್ಸ್ ಒಳಗೆ ಹೋಗಲು ಗೇಟು ತೆರೆದಿದ್ದರು. ಅದರ ಹಿಂದೆಯೇ ನುಗ್ಗಿದೆ. ಯಾರೋ ಕೂಗಿದರು, ಯಾರೋ ಹಿಡಿಯಲು ಬಂದರು, ತಪ್ಪಿಸಿಕೊಂಡೆ.

ಕಾರಿನ ಹತ್ತಿರ ಆರೇಳು ಜನ. ಬೆಂಕಿ ಆರಿಸುವ ಸಿಲಿಂಡರು ಹಿಡಿದು ಒಬ್ಬ ಸುಮ್ಮನೆ ನಿಂತಿದ್ದಾನೆ. ಒಬ್ಬ ದಪ್ಪನೆಯ ಆಳು ಕಿಟಕಿಯ ಬಳಿ ಬೋರಲು ಮಲಗಿದ್ದಾನೆ. ಒಬ್ಬರೂ ಎಳೆಯುತ್ತಿಲ್ಲ. ನನಗೆ ಆಗ ಹೊಳೆದದ್ದು ಒಂದೇ. ನಮ್ಮವನು ಪರದೇಶಿ, ಬಣ್ಣ ಕಪ್ಪು, ಅದಕ್ಕೇ ಮುಟ್ಟುತ್ತಿಲ್ಲ. ಮುಟ್ಟದೆ ನಿಲ್ಲುವ ಜನರನ್ನು ನಾನು ನಮ್ಮೂರಲ್ಲಿ ನೋಡಿಲ್ಲವೇ?

"ಮುಟ್ಟಿದ್ರೆ ಮೈಲಿಗೆ ಆಗ್ತೀರೇನ್ರೋ? ಎಳೀರೋ ಅವನ್ನ! ಪಾಪಿಗಳಾ, ಎಳೀರೋ!" ಅಂತ ಕಿರುಚಿ, ಬೋರಲು ಮಲಗಿದ್ದವನ ಬೆನ್ನಿಗೆ ಕೈಚೀಲದಿಂದ ಬಾರಿಸಿದೆ. ಚೀಲದಲ್ಲಿ ಕೋಡುಬಳೆಯ ಸ್ಟೀಲ್ ಡಬ್ಬಿ ಇತ್ತು. ಪೆಟ್ಟು ಚೆನ್ನಾಗಿಯೇ ಬಿದ್ದಿರಬೇಕು. ಅವನು ತಿರುಗಿ ಕೂಡ ನೋಡಲಿಲ್ಲ. ಮತ್ತೆ ಹೊಡೆದೆ. ಆಗಲೂ ಅವನು ಅಲುಗಲಿಲ್ಲ. ಒಳಗೆ ಯಾರಿಗೋ ಮೆಲ್ಲಗೆ ಏನೋ ಹೇಳುತ್ತಲೇ ಇದ್ದ.

"ಅಕ್ಕಾ." ಕಾರಿನ ಒಳಗಿಂದ ತಮ್ಮನ ದನಿ ಬಂತು. "ಹೊಡೀಬೇಡಕ್ಕ ಅವನ್ನ. ನನ್ನ ತಲೆ ಅವನ ಕೈಲಿದೆ. ಅವನು ಬಿಟ್ರೆ ನನ್ನ ಕಥೆ ಮುಗೀತು."

ಬಗ್ಗಿ ನೋಡಿದೆ. ನಾಗರಾಜ ಪಟ್ಟಿಗಳಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ. ಆ ಮನುಷ್ಯ ಬಲೆಯನ್ನು ಕೊಯ್ದು, ಎರಡೂ ಕೈ ಒಳಗೆ ಹಾಕಿ, ಅವನ ತಲೆಯನ್ನು ಬಾಣಂತಿ ಮಗುವಿನ ತಲೆ ಹಿಡಿದ ಹಾಗೆ ಹಿಡಿದುಕೊಂಡಿದ್ದ. ನನ್ನ ಚೀಲ ಕೆಳಗೆ ಬಿತ್ತು.

ಕತ್ತರಿಯಂಥ ದೊಡ್ಡ ಯಂತ್ರ ತಂದು ಕಾರಿನ ಮಗ್ಗುಲನ್ನು ಬಿಚ್ಚಿದರು. ಅವನ ಕುತ್ತಿಗೆಗೆ ಪಟ್ಟಿ ಕಟ್ಟಿದರು. ಬೆನ್ನಿಗೆ ಆನಿಸಿ ಹಲಗೆ ತೂರಿಸಿದರು. ಆಮೇಲೆ ಸೀಟಿನ ಪಟ್ಟಿ ಕೊಯ್ದು, ಅಷ್ಟೂ ಜನ ಒಂದೇ ಸಲ, ಒಂದೇ ಮಾತಿಗೆ ಅವನನ್ನು ಈಚೆಗೆ ಜಾರಿಸಿದರು. ಅಷ್ಟು ಹೊತ್ತೂ ಆ ದಪ್ಪನೆಯವನು ತಲೆ ಬಿಡಲಿಲ್ಲ. ಆಂಬುಲೆನ್ಸಿನ ಒಳಕ್ಕೂ ಹಾಗೇ ಹತ್ತಿದ. ಹಲಗೆಗಳ ಮೇಲಿದ್ದ ಜನ ಚಪ್ಪಾಳೆ ತಟ್ಟಿದರು. ಸರ್ಕಸ್ಸಾ ಇದು ಅಂತ ಬೈಯಬೇಕೆನಿಸಿತು. ಕೈ ನೋಡಿದರೆ ನಾನೂ ತಟ್ಟುತ್ತಿದ್ದೆ.

ಆಸ್ಪತ್ರೆ

ಎಡಗೈ ಮುರಿದಿತ್ತು, ಬಲೆ ಬಿಚ್ಚುವ ಕೈ ಅದೇ. ಕತ್ತಿನ ಮೂಳೆಯಲ್ಲಿ ಬಿರುಕು. ಡಾಕ್ಟರು ಚಿತ್ರ ತೋರಿಸಿ ವಿವರಿಸಿದರು. ಆ ಮೂಳೆಯ ಒಳಗೆ ನರ ಹೋಗುತ್ತದೆ. ಅದಕ್ಕೆ ಏನೂ ಆಗಿಲ್ಲ. ಯಾರಾದರೂ ಅವಸರಪಟ್ಟು ಹೆಗಲು ಹಿಡಿದು ಎಳೆದಿದ್ದರೆ ಕೈಕಾಲು ಹೋಗುತ್ತಿತ್ತು, ಉಸಿರೂ ನಿಲ್ಲಬಹುದಿತ್ತು. ಮೂಳೆ ಕೂಡುತ್ತದೆ, ಆದರೆ ಇನ್ನು ರೇಸು ಸಾಧ್ಯವಿಲ್ಲ ಅಂದರು.

ಖಾದರ್ ಸಾಬರ ಮಾತು ನೆನಪಾಯಿತು. ಒಳಗಿದ್ದಾಗ ಮಾತಾಡಿದ್ರು, ಕೈ ಆಡಿಸಿದ್ರು. ಹೆಗಲ ಮೇಲೆ ಹಾಕ್ಕೊಂಡ ಮೇಲೆ ಮಾತಿಲ್ಲ. ಎಷ್ಟು ಸಲ ಕೇಳಿದ್ದ ಕಥೆ! ಡಾಕ್ಟರನ್ನು ಒಂದು ಪ್ರಶ್ನೆ ಕೇಳಲು ಬಾಯಿ ತೆರೆದೆ. ಅಪ್ಪನ ಎದೆಗೂ ಪೆಟ್ಟು ಬಿದ್ದಿತ್ತು, ಏನಾಗಿತ್ತೋ ಯಾರು ಬಲ್ಲರು? ಬಾಯಿ ಮುಚ್ಚಿಕೊಂಡೆ.

"ಅಮ್ಮನಿಗೆ ಹೇಳಕ್ಕ, ಇನ್ಮೇಲೆ ಓಡಿಸಲ್ಲ ಅಂತ," ಅಂದ ನಾಗರಾಜ, ಸೂರು ನೋಡುತ್ತ. ಅವನ ಬಾಯಿಂದಲೇ ಬಂತು. ಬಂದ ಕೆಲಸ ಆಯಿತು. ಅವನ ಕಣ್ಣಿಂದ ನೀರು ಕಿವಿಗೆ ಇಳಿಯುತ್ತಿತ್ತು, ತಲೆ ಆಡಿಸುವ ಹಾಗಿಲ್ಲ ನೋಡಿ. ಒರೆಸಲು ಹೋದೆ, ನನಗೇ ಅಳು ಬಂತು. ಯಾತಕ್ಕೆ ಅತ್ತೆ? ಬದುಕಿದ್ದಕ್ಕೋ, ಪ್ರೀತಿಯ ಆಟ ಅವನ ಕೈಬಿಟ್ಟಿದ್ದಕ್ಕೋ, ಅಪ್ಪನಿಗೋ? ಗೊತ್ತಿಲ್ಲ. ಮೂರೂ ಕಲಸಿಹೋಗಿತ್ತು.

ನಾನು ಹೊಡೆದ ಮನುಷ್ಯ ಮಾರನೆಯ ದಿನ ಹೂ ಹಿಡಿದು ಬಂದ. ವಾರವೆಲ್ಲ ಚಪ್ಪಲಿ ಅಂಗಡಿಯಲ್ಲಿ ಕೆಲಸವಂತೆ, ಶನಿವಾರ ಈ ಸೇವೆ. ನನ್ನನ್ನು ನೋಡಿ ಟೋಪಿ ತೆಗೆದು ಎರಡು ಹೆಜ್ಜೆ ದೂರವೇ ನಿಂತ. ಕೈಮುಗಿದೆ. ಚಪ್ಪಟೆಯಾದ ಡಬ್ಬಿಯಿಂದ ಕೋಡುಬಳೆ ತೆಗೆದು ಕೊಟ್ಟೆ. ಅವನು ಅದನ್ನು ಬೆರಳಿಗೆ ಹಾಕಿಕೊಂಡು, ಇದು ತಿನ್ನುವುದೋ ಇಟ್ಟುಕೊಳ್ಳುವುದೋ ಎಂಬಂತೆ ನೋಡಿದ. ತಿಂದು ತೋರಿಸಿದೆ.

ಮತ್ತೆ ಬಟವಾಡಿ

ರಜ ಮುಗಿಯುವ ಹೊತ್ತಿಗೆ ವಾಪಸ್ ಬಂದೆ. ಅಮ್ಮ ಬಾಗಿಲಲ್ಲೇ ಕೇಳಿದಳು. ಹೇಳಿದ ಅಂದೆ, ಅವನ ಬಾಯಲ್ಲೇ ಹೇಳಿದ. ಆಮೇಲೆ ಕಾಫಿ ಕುಡಿಯುತ್ತ ಎಲ್ಲವನ್ನೂ ವಿವರಿಸಿದೆ. ಬಲೆ, ಪಟ್ಟಿ, ತಲೆ ಹಿಡಿದುಕೊಂಡವನು, ಡಾಕ್ಟರು ಹೇಳಿದ್ದು. ಅಪ್ಪನ ವಿಷಯ ಮಾತ್ರ ಎತ್ತಲಿಲ್ಲ.

ಅಮ್ಮ ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು.

"ಎಳೆದಿದ್ರೆ ಉಸಿರು ನಿಂತೋಗ್ತಿತ್ತಾ?"

"ನಿಲ್ಲಬಹುದಿತ್ತು ಅಂದ್ರಮ್ಮ."

"ಮಾತಾಡ್ತಿದ್ರೂ?"

"ಮಾತಾಡ್ತಿದ್ರೂ."

ಅವಳು ಮೊರವನ್ನು ಪಕ್ಕಕ್ಕಿಟ್ಟು ತುಂಬ ಹೊತ್ತು ಬಾಗಿಲ ಕಡೆ ನೋಡುತ್ತ ಕೂತಳು. ರಾತ್ರಿ ಊಟ ಮಾಡಿದಳು. ಏನು ಯೋಚಿಸಿದಳೋ ಕೇಳುವ ಧೈರ್ಯ ನನಗಾಗಲಿಲ್ಲ.

ಭಾನುವಾರ ಗುಬ್ಬಿಯಿಂದ ಖಾದರ್ ಸಾಬರು ಬಂದರು. ನಾಗರಾಜನಿಗೆ ಪೆಟ್ಟಾಗಿದೆ ಅಂತ ಯಾರೋ ಹೇಳಿ, ಬಿಸಿಲಲ್ಲಿ ಬಸ್ಸು ಹಿಡಿದು ಬಂದಿದ್ದರು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ನಾಗ ಹೆಂಗವ್ನೆ ಸುಶೀಲಮ್ಮ? ಕಾರು ಮಗುಚ್ಕೊಂತಂತೆ? ಯಾರಮ್ಮ ಅವನ್ನ ಈಚೆಗೆ ಎಳ್ಕೊಂಡಿದ್ದು? ಬೇಗ ಎಳ್ಕೊಂಡ್ರಾ?"

ನಾನು ಏನು ಹೇಳಲಿ? ಸುಳ್ಳು ಹೇಳಿ ಅಭ್ಯಾಸವಿಲ್ಲ. ನಿಜ ಹೇಳಿದರೆ ಈ ಮುದುಕ ಆ ಬಾಗಿಲಲ್ಲೇ ಕುಸಿದುಬಿಡುತ್ತಾರೆ.

ಅಮ್ಮ ಒಳಗಿಂದ ನೀರಿನ ಲೋಟ ಹಿಡಿದು ಬಂದಳು. ಖಾದರ್ ಸಾಬರ ಕೈಗೆ ಕೊಟ್ಟು, ಅವರು ಕುಡಿಯುವವರೆಗೂ ಅಲ್ಲೇ ನಿಂತಳು.

"ಅಲ್ಲೂ ನಿನ್ನಂಥೋನೇ ಒಬ್ಬ ಇದ್ನಂತೆ ಖಾದರ್," ಅಂದಳು. "ಆಸ್ಪತ್ರೆ ಮುಟ್ಟೋವರ್ಗೂ ನಮ್ಮ ಹುಡುಗನ್ನ ಕೈಬಿಡಲಿಲ್ವಂತೆ."